ಮೂರು ರುಜು

ಕ್ಷಮೆ ಕೇಳಲು ಹೋಗುವವನು ಎಂಥ ಅಂಗಿ ಹಾಕಿಕೊಳ್ಳಬೇಕು ಎನ್ನುವುದು ಸೇತುರಾಮನಿಗೆ ಹೊಳೆಯಲಿಲ್ಲ. ತಾಯಿ ಬಿಳಿ ಅಂಗಿಗೆ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದಳು. ಹೋದ ತಿಂಗಳು ಗುಮಾಸ್ತೆ ಕೆಲಸದ ಇಂಟರ್‌ವ್ಯೂಗೆ ಹಾಕಿಕೊಂಡು ಹೋಗಿದ್ದ ಅಂಗಿ ಅದು. ಅದನ್ನು ತೊಟ್ಟು ಪೊಲೀಸಿನವನ ಪಕ್ಕದಲ್ಲಿ ನಡೆದರೆ ಯಾರೋ ದೊಡ್ಡ ಕಳ್ಳನ ಹಾಗೆ ಕಾಣಬಹುದು; ಗೆರೆಗೆರೆಯ ಹಳೇ ಅಂಗಿ ತೊಟ್ಟರೆ ಸಣ್ಣ ಕಳ್ಳನ ಹಾಗೆ. ಅವನು ಎರಡನ್ನೂ ನೋಡುತ್ತ ಬನಿಯನ್ನಿನಲ್ಲಿ ನಿಂತಿದ್ದ. ತಂದೆ ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು ಗಡ್ಡ ಹೆರೆದುಕೊಳ್ಳುತ್ತಿದ್ದರು. ಗುರುವಾರದಿಂದ ಅವರು ಮಗನ ಜೊತೆ ಮಾತು ಬಿಟ್ಟಿದ್ದರು. ಹೇಳಲೇಬೇಕಾದದ್ದೇನಾದರೂ ಇದ್ದರೆ ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ಹೆಂಡತಿಗೆ ಹೇಳುತ್ತಿದ್ದರು. "ಒಂಬತ್ತಕ್ಕೆ ಸ್ಟೇಷನ್ನಲ್ಲಿರಬೇಕು ಅಂತ ಹೇಳು ಅವನಿಗೆ." ತಾಯಿ ಎರಡು ಮಾರು ದೂರದಲ್ಲಿದ್ದ ಸೇತುರಾಮನಿಗೆ, "ಒಂಬತ್ತಕ್ಕೆ ಸ್ಟೇಷನ್ನಲ್ಲಿರಬೇಕಂತೆ ಕಣೋ" ಎಂದಳು. ಅವನು ಬಿಳಿ ಅಂಗಿ ಹಾಕಿಕೊಂಡ. ಕಾಲರಿಗೆ ಗಂಜಿ ಜಾಸ್ತಿಯಾಗಿ ಕುತ್ತಿಗೆಗೆ ಚುಚ್ಚುತ್ತಿತ್ತು.

ರಾಜಾಜಿನಗರದ ಮೂರನೇ ಬ್ಲಾಕಿನ ಅವರ ಮನೆಯಿಂದ ಪೊಲೀಸ್ ಸ್ಟೇಷನ್ನಿಗೆ ಆರು ನಿಮಿಷದ ದಾರಿ. ಅಲ್ಲಿ ಹೊಂಗೆ ಮರದ ಕೆಳಗೆ ಬೈರಪ್ಪನೆಂಬ ಕಾನ್‌ಸ್ಟೇಬಲ್ ಸೈಕಲ್ ಹಿಡಿದು ಕಾಯುತ್ತಿದ್ದ. ನಲವತ್ತೈದರ ಆಸುಪಾಸಿನ ಮನುಷ್ಯ, ಖಾಕಿ ಚಡ್ಡಿ, ಮೊಣಕಾಲಿನ ಕೆಳಗೆ ಉಬ್ಬಿದ ನರಗಳು. "ಬಿಳೀ ಅಂಗಿ ಹಾಕ್ಕೊಂಡು ಬಂದ್ಯಾ, ಒಳ್ಳೇದು" ಎಂದ. ಅದರಲ್ಲಿ ವ್ಯಂಗ್ಯವಿದೆಯೇ ಎಂದು ಸೇತುರಾಮ ಅವನ ಮುಖ ನೋಡಿದ. ಇರಲಿಲ್ಲ. ಗುರುವಾರ ಇದೇ ಮರದ ಕೆಳಗೆ ತಂದೆ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದರು. ಸ್ಟೇಷನ್ನಿಗೆ ಚಪ್ಪಲಿ ಬಿಟ್ಟು ಬರಬೇಕಾಗಿಲ್ಲ ಎಂದು ಅವರಿಗೆ ಯಾರೂ ಹೇಳಲಿಲ್ಲ. ತನಗಿಂತ ಹದಿನೈದು ವರ್ಷಕ್ಕೆ ಚಿಕ್ಕವನಾದ ಇನ್‌ಸ್ಪೆಕ್ಟರಿಗೆ ಕೈಮುಗಿದು, "ಸಾರ್, ಒಬ್ಬನೇ ಮಗ ಸಾರ್" ಎಂದಿದ್ದರು. ಅದು ಸುಳ್ಳು. ತುಮಕೂರಿನ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ತಮ್ಮನೊಬ್ಬ ಇದ್ದ. ಆ ಸುಳ್ಳು ಕೇಳಿ ಬೆಂಚಿನ ಮೇಲಿದ್ದ ಸೇತುರಾಮನಿಗೆ ನಗು ಬಂದಿತ್ತು, ತಡೆದುಕೊಂಡಿದ್ದ. ನಗುವನ್ನು ತಡೆಯುವುದು ಎರಡು ವರ್ಷದಿಂದ ಅವನು ಅಭ್ಯಾಸ ಮಾಡಿದ್ದ ವಿದ್ಯೆ. ಅವನ ಗೆಳೆಯ ಗೋಪೀನಾಥ ಯಾರನ್ನಾದರೂ ಬೇಸ್ತು ಬೀಳಿಸುವಾಗ ಯಾವಾಗಲೂ ಕೊನೆಯ ಗಳಿಗೆಯಲ್ಲಿ ಮರದ ಹಿಂದೆಯೋ ಬೀಡಾ ಅಂಗಡಿಯ ಹಿಂದೆಯೋ ಓಡಿಹೋಗಿ ನಗುತ್ತಿದ್ದ. ಮುಖವನ್ನು ಮುಖದ ಜಾಗದಲ್ಲೇ ಇಟ್ಟುಕೊಂಡು ನಿಲ್ಲುತ್ತಿದ್ದವನು ಸೇತುರಾಮ.

ಇನ್‌ಸ್ಪೆಕ್ಟರ್ ಹೊಡೆಯಲಿಲ್ಲ. ಒಂದು ಬಿಳೀ ಹಾಳೆ ಕೊಟ್ಟು, "ಇಲ್ಲೀವರೆಗೆ ಯಾರ್‍ಯಾರಿಗೆ ಏನೇನು ತಮಾಷೆ ಮಾಡಿದೀಯ, ಬರಿ" ಎಂದರು. ದೂರು ಬಂದಿದ್ದದ್ದು ಒಂದೇ. ಅದೊಂದನ್ನೇ ಬರೆದು ಕೊಟ್ಟಿದ್ದರೆ ಸಾಕಾಗಿತ್ತು. ಆದರೆ ಬರೆಯಲು ಶುರು ಮಾಡಿದ ಮೇಲೆ ಸೇತುರಾಮನಿಗೆ ನಿಲ್ಲಿಸಲಾಗಲಿಲ್ಲ. ಏಳು ಬರೆದ. ಒಂದೊಂದಕ್ಕೂ ನಂಬರು ಹಾಕಿ, ದಿವಸ, ಜಾಗ, ಆಡಿದ ಮಾತು ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದ. ನಾಲ್ಕನೆಯದನ್ನು ಬರೆಯುವಾಗ ತಾನು ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆಗೆ ಉತ್ತರ ಬರೆಯುವವನ ಹಾಗೆ ಬಗ್ಗಿ ಕೂತಿರುವುದು ಅವನಿಗೇ ಅರಿವಾಗಿ ನಾಚಿಕೆಯಾಯಿತು. ಇನ್‌ಸ್ಪೆಕ್ಟರ್ ಆಸಕ್ತಿಯಿಂದ ಓದಿದರು. "ನಿಮ್ಮ ಮಗನ ಅಕ್ಷರ ಚೆನ್ನಾಗಿದೆ" ಎಂದು ತಂದೆಗೆ ಹೇಳಿದರು. ತಂದೆ, "ಹೌದು ಸಾರ್" ಎಂದರು. ವಿಳಾಸ ಗೊತ್ತಿಲ್ಲದ ನಾಲ್ಕನ್ನು ಹೊಡೆದುಹಾಕಿದ ಮೇಲೆ ಮೂರು ಉಳಿದವು. "ಸರ್ಕಾರಿ ನೌಕರನ ಸೋಗು ಹಾಕಿದ್ದಕ್ಕೆ ಎರಡು ವರ್ಷದವರೆಗೆ ಆಗುತ್ತೆ. ಕೇಸು ಬರೆದೆ ಅಂದ್ರೆ ನಿಜವಾದ ಸರ್ಕಾರಿ ನೌಕರ ನೀನು ಈ ಜನ್ಮದಲ್ಲಿ ಆಗಲ್ಲ. ಭಾನುವಾರ ನಮ್ಮ ಪಿ.ಸಿ. ಜೊತೆ ಈ ಮೂರು ಮನೆಗೆ ಹೋಗು. ಕ್ಷಮೆ ಕೇಳು. ಅವರು ಈ ಹಾಳೆ ಓದಿ, ಓದೋಕೆ ಬರದಿದ್ರೆ ಓದಿಸಿ ಕೇಳಿ, ರುಜು ಹಾಕ್ಬೇಕು. ಮೂರು ರುಜು. ಒಂದು ಕಮ್ಮಿಯಾದ್ರೂ ಸೋಮವಾರ ಬೆಳಿಗ್ಗೆ ಎಫ್.ಐ.ಆರ್." ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಇನ್‌ಸ್ಪೆಕ್ಟರ್ ಎದ್ದು ನಿಂತೇ ಮಾತಾಡಿದರು. ವಾಪಸ್ಸು ಬಂದು, ಪಕ್ಕದಲ್ಲಿ ಕೂತಿದ್ದ ಗೋಪೀನಾಥನಿಗೆ, "ನೀನು ಹೋಗು, ನಿಮ್ಮ ದೊಡ್ಡಪ್ಪ ಮಾತಾಡಿದ್ರು" ಎಂದರು. ಗೋಪೀನಾಥ ಎದ್ದ. ಹೋಗುವಾಗ ಸೇತುರಾಮನ ಭುಜ ಮುಟ್ಟಲು ಕೈ ಚಾಚಿ, ತಂದೆ ನೋಡುತ್ತಿರುವುದನ್ನು ಕಂಡು, ಆ ಕೈಯಿಂದ ತನ್ನ ಕ್ರಾಪು ಸರಿಮಾಡಿಕೊಂಡು ಹೋದ.

ಬಸವೇಶ್ವರನಗರದ ಹೊಸ ಬಡಾವಣೆಯಲ್ಲಿ ಮನೆಗಳಿಗಿಂತ ಸೈಟುಗಳೇ ಹೆಚ್ಚು. ಕಲ್ಲು ನೆಟ್ಟ ಖಾಲಿ ಜಾಗಗಳ ನಡುವೆ ವೆಂಕಟಗಿರಿಯವರ ಮನೆ ದೂರಕ್ಕೇ ಕಾಣುತ್ತಿತ್ತು, ಕಾಂಪೌಂಡು ಇಲ್ಲದ್ದರಿಂದ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಬೈರಪ್ಪ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದ. "ಅದೇನ್ ಸುಖ ಸಿಗುತ್ತಪ್ಪ ಇದ್ರಲ್ಲಿ?" ಎಂದು ಕೇಳಿದ. ಬೈಗುಳವಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದು. ಸೇತುರಾಮ ಉತ್ತರ ಹುಡುಕಿದ. ಜನ ನಂಬುತ್ತಾರೆ, ಅದೇ. ಗೊತ್ತಿಲ್ಲದ ಮನುಷ್ಯನ ಎದುರು ನಿಂತು ಒಂದು ಮಾತು ಹೇಳಿದಾಗ ಅವನ ಕಣ್ಣಿನಲ್ಲಿ ಒಂದು ಗಳಿಗೆ ಏನೂ ಇರುವುದಿಲ್ಲ, ಆಮೇಲೆ ನಂಬಿಕೆ ಬಂದು ಕೂರುತ್ತದೆ. ಆ ಏನೂ ಇಲ್ಲದ ಗಳಿಗೆಗಾಗಿ ಅವನು ಇದನ್ನೆಲ್ಲ ಮಾಡುತ್ತಿದ್ದ. ಬಿ.ಎಸ್ಸಿ.ಯಲ್ಲಿ ಒಂದು ಪೇಪರು ಉಳಿಸಿಕೊಂಡು, ಟೈಪಿಂಗ್ ಕ್ಲಾಸಿಗೆ ಹೋಗಿ ಬಂದು, ಎಂಪ್ಲಾಯ್ಮೆಂಟ್ ಎಕ್ಸ್‌ಚೇಂಜಿನ ಕಾರ್ಡು ನವೀಕರಿಸಿಕೊಂಡು ಇರುವವನ ಮಾತನ್ನು ಬೇರೆ ಯಾರು ನಂಬುತ್ತಿದ್ದರು? ಇದನ್ನು ಬೈರಪ್ಪನಿಗೆ ಹೇಗೆ ಹೇಳುವುದು ತಿಳಿಯದೆ, "ಸುಮ್ನೆ ಸಾರ್" ಎಂದ. ಬೈರಪ್ಪ, "ಸುಮ್ನೆ" ಎಂದು ಅದನ್ನೇ ಒಮ್ಮೆ ಅಂದುಕೊಂಡು ಮುಂದೆ ನಡೆದ.

ವೆಂಕಟಗಿರಿಯವರ ಮನೆಗೆ ಸೇತುರಾಮ, ಗೋಪೀನಾಥ ಇಬ್ಬರೂ ಒಂದೂವರೆ ತಿಂಗಳ ಹಿಂದೆ ಕಾರ್ಪೊರೇಷನ್ನಿನವರೆಂದು ಹೇಳಿಕೊಂಡು ಟೇಪು, ಫೈಲು, ಕೆಂಪು ಬಣ್ಣದ ಡಬ್ಬಿ ಹಿಡಿದು ಹೋಗಿದ್ದರು. ರಸ್ತೆ ಅಗಲವಾಗುತ್ತದೆ, ಮೂರಡಿ ಒಳಕ್ಕೆ ಬರುತ್ತದೆ ಎಂದು ಗೋಪೀನಾಥ ಹೇಳಿದ. ಸೇತುರಾಮ ಕಾಂಪೌಂಡಿನ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದ. ವೆಂಕಟಗಿರಿಯವರು ಇಬ್ಬರನ್ನೂ ಒಳಗೆ ಕೂರಿಸಿ, ಹೆಂಡತಿ ಅನಂತಲಕ್ಷ್ಮಮ್ಮನವರ ಕೈಲಿ ಕಾಫಿ ಮಾಡಿಸಿ, ಎರಡಡಿಗೆ ಇಳಿಸಲು ಸಾಧ್ಯವೇ ಎಂದು ಕೇಳಿದ್ದರು. ಗೋಪೀನಾಥ ಫೈಲು ತಿರುವಿಹಾಕಿ ಎರಡೂವರೆಗೆ ಇಳಿಸಿದ. ಅವರು ಕೃತಜ್ಞತೆಯಿಂದ ಗೇಟಿನವರೆಗೆ ಬಂದು ಬೀಳ್ಕೊಟ್ಟರು. ಯಾರೋ ಬಂದು ಒಡೆದರೆ ಇಟ್ಟಿಗೆಯೂ ಉಳಿಯುವುದಿಲ್ಲ ಎಂದು ಮಾರನೇ ವಾರ ತಾವೇ ಆಳು ಹಿಡಿದು ಕಾಂಪೌಂಡು ಕೆಡವಿಸಿದರು. ಆಮೇಲೆ ಎರಡೂವರೆಯೇ ಖಾಯಂ ಎಂದು ಬರೆಸಿಕೊಳ್ಳಲು ಆಫೀಸಿಗೆ ಹೋದಾಗ ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಬುಧವಾರ ಬಸ್ ಸ್ಟಾಪಿನಲ್ಲಿ ಇವರನ್ನು ಕಂಡವರು ಸೇತುರಾಮನ ಕಾಲರು ಹಿಡಿದುಕೊಂಡಿದ್ದರು. ಅದು ಯಾರನ್ನೂ ಹೀಗೆ ಹಿಡಿದು ಅಭ್ಯಾಸವಿಲ್ಲದ ಕೈ.

ಈಗ ಅವರು ಪಂಚೆಯುಟ್ಟು ಅಂಗಳದಲ್ಲಿ ಜೋಡಿಸಿಟ್ಟ ಇಟ್ಟಿಗೆಗಳ ಪಕ್ಕ ನಿಂತಿದ್ದರು. ಸೇತುರಾಮ, "ನಿಮಗೆ ಮೋಸ ಮಾಡಿದೆ, ಕ್ಷಮಿಸಬೇಕು" ಎಂದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಉದ್ದದ ಮಾತು ಅಷ್ಟಕ್ಕೇ ಮುಗಿದುಹೋಯಿತು. ವೆಂಕಟಗಿರಿಯವರು ಹಾಳೆಯನ್ನು ಕನ್ನಡಕ ಹಾಕಿಕೊಂಡು ಮೊದಲಿಂದ ಓದಿದರು. "ಕಾಫಿ ಕುಡಿದದ್ದು ಬರೆದಿಲ್ಲ" ಎಂದರು. ಬೈರಪ್ಪ ಸೇತುರಾಮನ ಕಡೆ ನೋಡಿದ. ಸೇತುರಾಮ ಪೆನ್ನು ತೆಗೆದುಕೊಂಡು, 'ಹಾಗೂ ಅವರ ಮನೆಯಲ್ಲಿ ಕಾಫಿ ಕುಡಿದಿದ್ದು' ಎಂದು ಸೇರಿಸಿದ. "ಎರಡು ಸಲ" ಎಂದು ಒಳಗಿನಿಂದ ಅನಂತಲಕ್ಷ್ಮಮ್ಮ ಹೇಳಿದರು. ಅದನ್ನೂ ಸೇರಿಸಿದ. ವೆಂಕಟಗಿರಿಯವರು ರುಜು ಹಾಕಿ, ಬರುವ ಭಾನುವಾರದಿಂದ ಗೋಡೆ ಏಳುವ ತನಕ ಮೇಸ್ತ್ರಿಗೆ ಇಟ್ಟಿಗೆ ಎತ್ತಿಕೊಡಲು ಬರಬೇಕು ಎಂದರು. ಬರುತ್ತೇನೆ ಎಂದ. ಅವರು ಮತ್ತೇನೋ ಹೇಳಬೇಕೆಂದು ಬಾಯಿ ತೆರೆದು ತಡೆದು, ಆಮೇಲೆ ದನಿ ತಗ್ಗಿಸಿ ಕೇಳಿದರು: "ಈಗ ನಿಜವಾಗ್ಲೂ ರಸ್ತೆ ಅಗಲ ಮಾಡಲ್ವೇನಪ್ಪ?" ಸೇತುರಾಮ ಇಲ್ಲವೆಂದ. "ನಿನಗೆ ಹೇಗೆ ಗೊತ್ತು?" ಎಂದರು ಅವರು. ಅವನಿಗೆ ಗೊತ್ತಿರಲಿಲ್ಲ.

ಮಾಗಡಿ ರಸ್ತೆ ದಾಟಿ ಹೊಸಹಳ್ಳಿಯ ಕಡೆ ಇಳಿಯುವಾಗ ಬಿಸಿಲೇರಿತ್ತು. ರಸ್ತೆಯಲ್ಲಿ ಜನ ನೋಡುತ್ತಿದ್ದರು. ಮೊದಲು ಪೊಲೀಸನ್ನು, ಆಮೇಲೆ ಅವನನ್ನು, ಆಮೇಲೆ ಅವನ ಕೈಗಳನ್ನು. ಕೈಗೆ ಬೇಡಿ ಇಲ್ಲದ್ದನ್ನು ಕಂಡು ಕೆಲವರಿಗೆ ನಿರಾಶೆಯಾದಂತಿತ್ತು. ಒಬ್ಬ ಬೈರಪ್ಪನನ್ನು ನಿಲ್ಲಿಸಿ, "ಏನಣ್ಣ, ಪಿಕ್‌ಪಾಕೆಟ್ಟಾ?" ಎಂದು ಕೇಳಿಯೇಬಿಟ್ಟ. ಬೈರಪ್ಪ, "ಇಲ್ಲ, ಸುಮ್ನೆ" ಎಂದ. ತನ್ನ ಮಾತು ಅವನ ಬಾಯಿಂದ ಬಂದದ್ದು ಕೇಳಿ ಸೇತುರಾಮ ತಲೆ ತಗ್ಗಿಸಿದ. ಹೊಸಹಳ್ಳಿಯ ಪಾಪಮ್ಮ ಅಪರಿಚಿತಳೇನಲ್ಲ. ವಾರಕ್ಕೆ ಮೂರು ದಿವಸ ಅವರ ಬೀದಿಗೆ ಸೊಪ್ಪು ತರುವವಳು. ಬೇಸಿಗೆಯಲ್ಲಿ ಸೀಮೆಎಣ್ಣೆ ಸಿಗದ ದಿನಗಳಲ್ಲಿ ಅವನೂ ಗೋಪೀನಾಥನೂ ಬೀಗ ಹಾಕಿದ ಒಂದು ಹಾಳು ಷೆಡ್ಡಿನ ಮುಂದೆ ಖಾಲಿ ಡಬ್ಬ ಹಿಡಿದು ಒಬ್ಬರ ಹಿಂದೆ ಒಬ್ಬರು ನಿಂತಿದ್ದರು, ಅಷ್ಟೆ. ಯಾರಿಗೂ ಏನೂ ಹೇಳಲಿಲ್ಲ. ಅರ್ಧ ಗಂಟೆಯಲ್ಲಿ ಹಿಂದೆ ಮೂವತ್ತು ಜನ ಸೇರಿದ್ದರು. ಇವರು ಮೆಲ್ಲಗೆ ಜಾರಿಕೊಂಡು ಎದುರಿನ ಹೋಟೆಲಿನಲ್ಲಿ ಕೂತು ನೋಡಿದರು. ಕ್ಯೂ ಕರಗಲಿಲ್ಲ. ಬೆಳೆಯಿತು. ಅದರಲ್ಲಿ ಪಾಪಮ್ಮ ಇದ್ದದ್ದು ಆಗ ಅವನಿಗೆ ಕಾಣಲಿಲ್ಲ. ಮಾರನೇ ದಿವಸ ಅವಳು ಅವರ ಮನೆಯ ಮೆಟ್ಟಿಲ ಮೇಲೆ ಕೂತು, ನಾಲ್ಕು ಗಂಟೆ ನಿಂತೆ ಕಣಮ್ಮ, ಹರಿವೆ ಸೊಪ್ಪೆಲ್ಲ ಬಾಡಿ ಹೋಯ್ತು ಎಂದು ತಾಯಿಗೆ ಹೇಳುವಾಗ ಅವನು ಒಳಗೆ ಪೇಪರು ಓದುತ್ತಿದ್ದ. ತಾಯಿ ಅವಳಿಗೆ ಕಾಫಿ ಕೊಟ್ಟಳು. ಅವನು ಅದೇ ಸಾಲನ್ನು ಮತ್ತೆ ಮತ್ತೆ ಓದಿದ.

ಪಾಪಮ್ಮ ಗುಡಿಸಲಿನ ಮುಂದೆ ನೆಲ ಸಾರಿಸುತ್ತಿದ್ದವಳು ಪೊಲೀಸನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. ಬೈರಪ್ಪ ಹಾಳೆಯಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿದ. ಸೇತುರಾಮ ಕ್ಷಮಿಸಬೇಕು ಎಂದ. ಅವಳು ಸೇತುರಾಮನನ್ನು ನೋಡಿದಳು. "ಮೂರನೇ ಬ್ಲಾಕಿನ ಅಮ್ಮಾರ ಮಗ ಅಲ್ವಾ ನೀನು? ಯಾವ ಕ್ಯೂ ಅದು?"

"ಆ ಷೆಡ್ಡಿನ ಮುಂದೆ... ಬೀಗ ಹಾಕಿತ್ತಲ್ಲ..."

"ಬೀಗ ಹಾಕಿರೋ ಕಡೆ ನಾನು ಎಷ್ಟೋ ಸತಿ ನಿಂತಿದೀನಪ್ಪ. ಅದ್ರಲ್ಲಿ ನಿಂದು ಯಾವ್ದು?"

ಅವನು ತಿಂಗಳು, ದಿನ, ಹೋಟೆಲಿನ ಗುರುತು ಎಲ್ಲ ಹೇಳಿದ. ಅವಳು ಪ್ರಾಮಾಣಿಕವಾಗಿ ನೆನಪು ಮಾಡಿಕೊಳ್ಳಲು ನೋಡಿದಳು. ಅವಳ ಜೀವನದಲ್ಲಿ ತನ್ನ ಕ್ಯೂವನ್ನು ಉಳಿದ ಕ್ಯೂಗಳಿಂದ ಬೇರೆ ಮಾಡಿ ತೋರಿಸಲು ತಾನು ಹೆಣಗುತ್ತಿರುವುದು ಸೇತುರಾಮನಿಗೆ ಅರ್ಥವಾಯಿತು. "ಹೋಗ್ಲಿ ಬಿಡು" ಎಂದಳು ಅವಳು ಕೊನೆಗೆ. "ಅವತ್ತು ಎಣ್ಣೆ ಬರ್ಲಿಲ್ಲ, ನೀನು ಅಂತ ಗೊತ್ತಾಯ್ತು. ಬಾಕಿ ದಿವ್ಸ ಬರದೇ ಇದ್ದಿದ್ದು ಯಾರು ಅಂತಾನೂ ಕರ್ಕೊಂಡ್ ಬನ್ನಿ ಸಾಮಿ." ಬೈರಪ್ಪ ನಗಲಿಲ್ಲ. ಜೇಬಿನಿಂದ ಇಂಕಿನ ಪ್ಯಾಡು ತೆಗೆದು ಅವಳ ಹೆಬ್ಬೆರಳನ್ನು ಒತ್ತಿಸಿದ. ಸಾರಿಸಿದ ಸಗಣಿ ಬೆರಳಿನ ಗೆರೆಗಳಲ್ಲಿ ಉಳಿದಿತ್ತು. ಹಾಳೆಯ ಮೇಲೆ ಗುರುತು ಹಸಿರು ಬೆರೆತ ನೀಲಿಯಾಗಿ ಮೂಡಿತು.

ವಾಪಸ್ಸು ಬರುವಾಗ ನವರಂಗ್ ಟಾಕೀಸಿನ ಮುಂದೆ ಬೆಳಗಿನ ಆಟ ಬಿಟ್ಟಿತ್ತು. ಗುಂಪಿನಲ್ಲಿ ಗೋಪೀನಾಥ ಕಂಡ, ಜೊತೆಗೆ ಅವನ ತಂಗಿ ಕೋಕಿಲಾ. ಸೇತುರಾಮನ ಕೈ ತಾನಾಗಿ ಮೇಲೆದ್ದಿತು. ಗೋಪೀನಾಥ ಅವನನ್ನು ನೇರವಾಗಿ ನೋಡಿದ. ತಪ್ಪಿಸಿಕೊಳ್ಳುವ ನೋಟವಾಗಿದ್ದರೆ ಅರ್ಥವಾಗುತ್ತಿತ್ತು. ಆದರೆ ಅವನು ಯಾರೋ ದಾರಿಹೋಕನೊಬ್ಬ ಕೈ ಎತ್ತಿದರೆ ಸಜ್ಜನನೊಬ್ಬ ನೋಡುವ ಹಾಗೆ, ಸ್ವಲ್ಪ ಹುಬ್ಬೇರಿಸಿ, ನೆನಪಿಗೆ ಬಾರದೆ, ಸೌಜನ್ಯದಿಂದ ನೋಡಿ ತಂಗಿಯ ಕಡೆ ತಿರುಗಿದ. ಒಂದು ಗಳಿಗೆ ಸೇತುರಾಮನಿಗೆ ಇವನು ನಿಜವಾಗಿ ಗೋಪೀನಾಥನೇ ಹೌದೋ ಅಲ್ಲವೋ ಎಂದು ಅನುಮಾನವಾಯಿತು. ಇಷ್ಟು ದಿವಸ ಗೋಪೀನಾಥನಿಗೆ ನಗು ತಡೆಯಲು ಬರುವುದಿಲ್ಲವೆಂದು ಅವನು ತಿಳಿದುಕೊಂಡಿದ್ದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಕಾಲರಿನ ಒಳಗೆ ಬೆರಳು ತೂರಿಸಿ ಕುತ್ತಿಗೆ ಕೆರೆದುಕೊಂಡ. "ಪರಿಚಯದೋರಾ?" ಎಂದ ಬೈರಪ್ಪ. "ಅಲ್ಲ ಸಾರ್" ಎಂದ.

ಮೂರನೆಯ ಮನೆ ಪ್ರಕಾಶನಗರದಲ್ಲಿ, ಹಿಟ್ಟಿನ ಮಿಲ್ಲಿನ ಹಿಂದಿನ ವಠಾರ. ಆ ವಿಳಾಸವನ್ನು ಮುದುಕರು ತಾವಾಗಿಯೇ ಕೊಟ್ಟಿದ್ದರು. ಇಲ್ಲೇ, ಟಾಕೀಸಿನ ಹತ್ತಿರದ ಬಸ್ ಸ್ಟಾಪಿನಲ್ಲಿ, ಎರಡು ತಿಂಗಳ ಹಿಂದೆ. ಕುತ್ತಿಗೆಯವರೆಗೆ ಗುಂಡಿಯಿರುವ ಕೋಟು, ಕೈಯಲ್ಲಿ ಛತ್ರಿ, ಬಸ್ಸಿನ ನಂಬರು ಓದಲು ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ ಮುದುಕರು. ಗೋಪೀನಾಥ ಮೊಣಕೈಯಿಂದ ತಿವಿದ. ಸೇತುರಾಮ ಹೋಗಿ ಜನರೆಲ್ಲರ ಎದುರಿಗೆ ಬಗ್ಗಿ ಅವರ ಎರಡೂ ಕಾಲು ಮುಟ್ಟಿ, "ಮೇಷ್ಟ್ರೇ, ಗುರುತು ಸಿಗಲಿಲ್ವಾ? ನಿಮ್ಮ ಶಿಷ್ಯ ಸಾರ್" ಎಂದಿದ್ದ. ಆ ಏನೂ ಇಲ್ಲದ ಗಳಿಗೆ ಆ ಕಣ್ಣುಗಳಲ್ಲಿ ಬೇರೆ ಯಾರಲ್ಲಿಯೂ ಕಂಡದ್ದಕ್ಕಿಂತ ಉದ್ದವಾಗಿತ್ತು. ಆಮೇಲೆ ಮುದುಕರು ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅವನ ತಲೆಯ ಮೇಲೆ ಕೈಯಿಟ್ಟು, "ಚನ್ನಪಟ್ಟಣದ ಹೈಸ್ಕೂಲಾ?" ಎಂದರು. ಹೌದು ಸಾರ್ ಎಂದ. "ಚೆನ್ನಾಗಿರು. ಏನ್ ಮಾಡ್ಕೊಂಡಿದೀಯ?" ಎಂದರು. ಸರ್ಕಾರಿ ನೌಕರಿ ಎಂದ. ಬಸ್ಸಿಗೆ ಕಾಯುತ್ತಿದ್ದ ನಾಲ್ಕಾರು ಜನ ಮುದುಕರಿಗೆ ಜಾಗ ಬಿಟ್ಟು ಸರಿದು ನಿಂತರು. ಒಬ್ಬ ಹೆಂಗಸು ತನ್ನ ಮಗುವಿಗೆ ಅವರನ್ನು ತೋರಿಸಿದಳು. ಮನೆಗೆ ಬಾ, ಮರಿಯಪ್ಪ ಅಂದ್ರೆ ಯಾರಾದ್ರೂ ತೋರಿಸ್ತಾರೆ ಎಂದು ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ಹೇಳಿದ್ದರು. ಬೀಡಾ ಅಂಗಡಿಯ ಹಿಂದೆ ಗೋಪೀನಾಥ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ವಠಾರದ ಮೂರನೇ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಮುದುಕಿ ತಲೆಯೆತ್ತಿದಳು. ಪೊಲೀಸಿನವನು ಇನ್ನೂ ಸೈಕಲ್ ನಿಲ್ಲಿಸುತ್ತಿದ್ದ. ಅವಳು ಕಂಡದ್ದು ಬಿಳೀ ಅಂಗಿಯ ಹುಡುಗನನ್ನು ಮಾತ್ರ. ಮರಿಯಪ್ಪನವರ ಮನೆಯೇ ಎಂದು ಕೇಳಿದ್ದೇ ತಡ, ಮೊರ ಕೆಳಗಿಟ್ಟು ಎದ್ದಳು. "ನೀನೇನಪ್ಪಾ ಆ ಹುಡುಗ? ಬಸ್ ಸ್ಟಾಪ್ನಲ್ಲಿ ಕಾಲಿಗೆ ಬಿದ್ದೋನು? ಒಂದಲ್ಲ ಒಂದಿನ ಬರ್ತಾನೆ ಅಂತಾನೇ ಇದ್ರು. ರೀ, ಬನ್ರೀ, ನಿಮ್ಮ ಸ್ಕೂಲ್ನೋನು ಬಂದವ್ನೆ!" ಸೇತುರಾಮ ಏನೋ ಹೇಳಲು ಹೋದ. ಅವಳು ಅವನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿಬಿಟ್ಟಳು. ಒಂದೇ ಕೋಣೆ. ಅಡ್ಡಗೋಡೆಯ ಆಚೆ ಒಲೆ. ಮರಿಯಪ್ಪನವರು ಹಿಂಬಾಗಿಲಿನಿಂದ ಬಂದವರು ಅವನನ್ನು ಕಂಡು ನಿಂತರು. ಮುಖ ಅರಳಿತು. ಅಷ್ಟರಲ್ಲಿ ಹೊಸ್ತಿಲಲ್ಲಿ ಬೈರಪ್ಪ ಕಾಣಿಸಿಕೊಂಡ. ಅರಳಿದ್ದು ಅಲ್ಲೇ ನಿಂತಿತು.

ಮುದುಕರು ಮೊಳೆಗೆ ನೇತುಹಾಕಿದ್ದ ಕೋಟನ್ನು ತೆಗೆದು ಹಾಕಿಕೊಂಡು ಕುತ್ತಿಗೆಯವರೆಗೆ ಗುಂಡಿ ಹಾಕಿದರು. ಆಮೇಲೆ ಬೈರಪ್ಪನಿಗೆ ಕೈಮುಗಿದು, ಯಾರೂ ಏನೂ ಕೇಳುವ ಮೊದಲೇ ಹೇಳಲು ಶುರು ಮಾಡಿದರು.

"ಸ್ವಾಮಿ, ತಪ್ಪಾಯ್ತು. ನಾನು ಮೇಷ್ಟ್ರಲ್ಲ. ಆ ಸ್ಕೂಲಲ್ಲಿ ಮೂವತ್ತೊಂದು ವರ್ಷ ಜವಾನ. ಗಂಟೆ ಹೊಡೀತಿದ್ದೆ, ನೋಟೀಸು ತಗೊಂಡೋಗ್ತಿದ್ದೆ. ಅವತ್ತು ಈ ಅಯ್ಯನೋರು ಮೇಷ್ಟ್ರೇ ಅಂದಾಗ ಅಲ್ಲ ಅಂತ ಹೇಳ್ಬೇಕಾಗಿತ್ತು. ಹೇಳ್ಲಿಲ್ಲ. ಜನ ನೋಡ್ತಾ ಇದ್ರು." ಸೇತುರಾಮನ ಕಡೆ ತಿರುಗಿದರು. "ನಿಮಗೆ ಯಾರೋ ಹೇಳಿರ್ಬೇಕು, ಅದಕ್ಕೇ ಪೊಲೀಸಿನೋರ್ನ ಕರ್ಕೊಂಡು ಬಂದಿದೀರ. ಮೇಷ್ಟ್ರು ಅಂತ ತಿಳ್ಕೊಂಡು ನೀವು ಕಾಲು ಮುಟ್ಟಿದ್ರಿ. ಮುಟ್ಟಿಸ್ಕೊಂಡೆ. ಕ್ಷಮಿಸ್ಬೇಕು."

ಜವಾನ ಎಂಬ ಮಾತು ಕೇಳಿದ ಕ್ಷಣವೇ ತನ್ನ ಮನಸ್ಸಿನಲ್ಲಿ 'ಅವರು' ಎಂಬುದು 'ಅವನು' ಆಗಿ ಇಳಿದದ್ದು ಸೇತುರಾಮನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಯಾರೋ ಮೆಟ್ಟಿಲು ಇಳಿದ ಸಪ್ಪಳದಷ್ಟು ಸ್ಪಷ್ಟವಾಗಿ. ಎರಡು ತಿಂಗಳು ಈ ಮನುಷ್ಯ ಅಪರಾಧ ಮಾಡಿದವನಂತೆ ಬದುಕಿದ್ದ. ತಾನು ಕ್ಷಮೆ ಕೇಳಲು ಬಂದ ಕಡೆ ತನ್ನನ್ನೇ ಕ್ಷಮೆ ಕೇಳುತ್ತಿದ್ದಾರೆ. ಈಗ ತಾನು ನಿಜ ಹೇಳಿದರೆ ಏನಾಗುತ್ತದೆ? ನೀವು ಮೇಷ್ಟ್ರಲ್ಲ, ಸರಿ. ನಾನು ಶಿಷ್ಯನೂ ಅಲ್ಲ. ಆ ಸ್ಕೂಲನ್ನು ನಾನು ಕಂಡೇ ಇಲ್ಲ. ಬೀಡಾ ಅಂಗಡಿಯ ಹಿಂದೆ ಒಬ್ಬ ನಗುತ್ತಿದ್ದ. ಹೇಳದಿದ್ದರೆ ಮೂರನೇ ರುಜು ಇಲ್ಲ. ಸೋಮವಾರ ಬೆಳಿಗ್ಗೆ ಎಫ್.ಐ.ಆರ್., ತಂದೆ ಮತ್ತೆ ಹೊಂಗೆ ಮರದ ಕೆಳಗೆ ಚಪ್ಪಲಿ ಬಿಡುವುದು. ಮುದುಕಿ ಲೋಟದಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಬೈರಪ್ಪ ಕೆಮ್ಮಿದ.

ಸೇತುರಾಮನ ಮುಖ ತಾನಾಗಿಯೇ ತನ್ನ ಜಾಗಕ್ಕೆ ಹೋಗಿ ಕೂತಿತು. "ನೀವು ಮೇಷ್ಟ್ರಲ್ಲ ಅಂತ ನನಗೆ ಗೊತ್ತಿತ್ತು" ಎಂದ. "ಗಂಟೆ ಹೊಡೀತಿದ್ರಲ್ಲ ನೀವು. ಬಸ್ ಸ್ಟಾಪ್ನಲ್ಲಿ ಗುರುತು ಸಿಕ್ತು. ಏನಂತ ಕರೀಬೇಕೋ ತಿಳೀಲಿಲ್ಲ, ಮೇಷ್ಟ್ರೇ ಅಂದೆ."

"ನೋಡಿ, ನಾನ್ ಹೇಳ್ಲಿಲ್ವಾ?" ಎಂದಳು ಮುದುಕಿ ಗಂಡನಿಗೆ. "ಮೇಷ್ಟ್ರನ್ನ ಯಾವ ಹುಡುಗ್ರು ನೆನಪಿಟ್ಕೋತಾರೆ? ಗಂಟೆ ಹೊಡೆಯೋನ್ನ ಮರೀತಾರಾ?"

ಮರಿಯಪ್ಪನವರು ಕೂರಲಿಲ್ಲ. ಕೋಟಿನ ಗುಂಡಿಯನ್ನು ಮುಟ್ಟಿಕೊಳ್ಳುತ್ತ ಅವನನ್ನೇ ನೋಡುತ್ತಿದ್ದರು. "ಗಂಟೆ ಎಲ್ಲಿ ಕಟ್ಟಿದ್ವಿ, ನೆನಪಿದ್ಯಾ?" ಎಂದು ಮೆಲ್ಲಗೆ ಕೇಳಿದರು.

"ಹುಣಸೇ ಮರಕ್ಕೆ" ಎಂದ ಸೇತುರಾಮ.

ಆಚೆ ಮಿಲ್ಲಿನ ಸದ್ದು ಒಂದೇ ಸಮನೆ ಬರುತ್ತಿತ್ತು. "ಹೂಂ" ಎಂದರು ಮರಿಯಪ್ಪನವರು. ಅದರ ಅರ್ಥ ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಜೀವನದಲ್ಲಿ ಮೊದಲ ಸಲ ಸೇತುರಾಮ ತನ್ನ ಎದುರಿನವನ ಮುಖದಲ್ಲಿ ಏನಿದೆಯೆಂದು ಓದಲಾರದೆ ಕಾದ.

ಬೈರಪ್ಪ ಹಾಳೆಯನ್ನು ಜೇಬಿನಿಂದ ತೆಗೆದು, ಮಡಿಕೆ ಬಿಡಿಸಿ, ಒಮ್ಮೆ ಸೇತುರಾಮನ ಕಡೆ ನೋಡಿದ. ಓದಿ ಹೇಳುತ್ತಾನೆ ಎಂದುಕೊಂಡು ಸೇತುರಾಮ ನೆಲ ನೋಡಿದ. ಬೈರಪ್ಪ ಓದಲಿಲ್ಲ. "ಯಜಮಾನ್ರೇ, ಕಾಗದ ಓದೋಕೆ ಬರುತ್ತಾ?" ಎಂದು ಕೇಳಿದ.

"ಬರುತ್ತೆ. ಮೂವತ್ತೊಂದು ವರ್ಷ ನೋಟೀಸು ಹಿಡ್ಕೊಂಡು ಓಡಾಡಿದೀನಿ."

"ಇದನ್ನ ಓದಿ ರುಜು ಹಾಕ್ಬೇಕು. ಸಾಹೇಬ್ರ ಆರ್ಡರು. ಮೂರನೇದು."

ಮರಿಯಪ್ಪನವರು ಹಾಳೆಯನ್ನು ಬಾಗಿಲ ಬೆಳಕಿಗೆ ಒಯ್ದರು. ಅದರಲ್ಲಿ ಏನು ಬರೆದಿದೆ ಎನ್ನುವುದು ಸೇತುರಾಮನಿಗೆ ಬಾಯಿಪಾಠವಾಗಿತ್ತು. 'ಗುರುತು ಪರಿಚಯವಿಲ್ಲದ ಒಬ್ಬ ಮುದುಕರ ಕಾಲಿಗೆ ಬಿದ್ದು, ಅವರ ಶಿಷ್ಯನೆಂದು ನಟಿಸಿ, ಅವರು ನಂಬಿದ್ದನ್ನು ನೋಡಿ ನಕ್ಕಿದ್ದು.' ದುಂಡಗಿನ ಅಕ್ಷರ, ಎಲ್ಲೂ ಚಿತ್ತಿಲ್ಲ. ಮುದುಕರ ತುಟಿ ಸಣ್ಣಗೆ ಅಲುಗುತ್ತ ಸಾಲಿನ ಕೊನೆ ಮುಟ್ಟಿತು. ಮತ್ತೆ ಮೊದಲಿಗೆ ಹೋಗಿ ಇನ್ನೊಮ್ಮೆ ಓದಿದರು.

"ಏನಂತೆ ಅದು?" ಎಂದಳು ಹೆಂಡತಿ.

ಅವರು ಹಾಳೆಯ ಅಂಚನ್ನು ಬೆರಳಿನಿಂದ ನೇರ ಮಾಡಿದರು. "ಸ್ಟೇಷನ್ ಕಾಗದ ಕಣೇ ಲಿಂಗಮ್ಮ. ಸರ್ಕಾರಿ ನೌಕರೀಲಿದಾನಲ್ಲ, ಖಾಯಂ ಆಗೋಕೆ ನಡತೆ ಒಳ್ಳೇದು ಅಂತ ಗೊತ್ತಿರೋರು ಮೂರು ಜನ ಬರ್ಕೊಡ್ಬೇಕಂತೆ."

"ಅದಕ್ಕೇನು, ಹಾಕಿ ಮತ್ತೆ. ನಮ್ಮ ಸ್ಕೂಲ್ನ ಹುಡುಗ."

ಗೋಡೆಗೆ ಹಾಳೆ ಒತ್ತಿಹಿಡಿದು ಅವರು ರುಜು ಹಾಕಿದರು. ಪೂರ್ತಿ ಹೆಸರು, ಅದರ ಕೆಳಗೆ 'ಜವಾನ, ನಿವೃತ್ತಿ', ಅದರ ಕೆಳಗೆ ತಾರೀಕು. ಆ ಅಕ್ಷರ ಸೇತುರಾಮನದಕ್ಕಿಂತ ಚೆನ್ನಾಗಿತ್ತು. ಬೈರಪ್ಪ ಹಾಳೆ ತೆಗೆದುಕೊಂಡು ಮಡಿಸಿ, ಏನನ್ನೂ ಕೇಳದೆ, ಮೊದಲು ಹೊರಗೆ ಹೋದ. ಲಿಂಗಮ್ಮ ಅವನನ್ನೂ ಕೂಗಿ ಬೆಲ್ಲ ಕೊಟ್ಟಳು. ಸೇತುರಾಮ ನೀರು ಕುಡಿದ. ಗಂಟಲಲ್ಲಿ ಇಳಿಯುವುದು ಎಲ್ಲರಿಗೂ ಕೇಳಿಸುತ್ತಿದೆ ಅನ್ನಿಸಿತು. ಎದ್ದು ನಿಂತಾಗ ಬಗ್ಗಬೇಕೋ ಬೇಡವೋ ತಿಳಿಯಲಿಲ್ಲ. ಮರಿಯಪ್ಪನವರು ಅವನಿಗೆ ಆ ಅವಕಾಶ ಕೊಡದೆ ವಠಾರದ ಬಾಗಿಲಿನ ಕಡೆ ನಡೆದುಬಿಟ್ಟಿದ್ದರು.

ಬೀದಿಯಲ್ಲಿ ಬೈರಪ್ಪ ಸೈಕಲ್ ಹತ್ತಿದ. "ನಾನು ಸ್ಟೇಷನ್ಗೆ ಹೋಗ್ತೀನಿ, ನೀನು ಮನೇಗೆ ಹೋಗು. ಬರೋ ಅಗತ್ಯ ಇಲ್ಲ" ಎಂದ. ಸ್ವಲ್ಪ ದೂರ ಹೋದವನು ತಿರುಗಿ ನೋಡಲಿಲ್ಲ. ವಠಾರದ ಬಾಗಿಲಲ್ಲಿ ಮರಿಯಪ್ಪನವರೂ ಸೇತುರಾಮನೂ ಉಳಿದರು. ಕ್ಷಮಿಸಿ ಎನ್ನುವ ಮಾತು ಬೆಳಗಿನಿಂದ ಎರಡು ಸಲ ಸಲೀಸಾಗಿ ಬಂದದ್ದು ಈಗ ಬರಲಿಲ್ಲ. ಅದು ಬರುವುದಕ್ಕೆ ಮೊದಲೇ ಮುದುಕರು ಕೈ ಎತ್ತಿ ತಡೆದರು.

"ಇನ್ನು ಈ ಕಡೆ ಬರಬೇಡಪ್ಪ" ಎಂದರು. ಸಿಟ್ಟಿರಲಿಲ್ಲ. "ಬಂದ್ರೆ ಅವಳು ಸ್ಕೂಲಿನ ವಿಷಯ ಕೇಳ್ತಾಳೆ. ಹೆಡ್ಮಾಸ್ಟ್ರು ಹೇಗಿದ್ರು, ಯಾರು ಯಾರಿಗೆ ಹೊಡೀತಿದ್ರು, ಎಲ್ಲಾ ಕೇಳ್ತಾಳೆ. ನಿನಗೆ ಗೊತ್ತಿರಲ್ಲ."

ಅವನು ತಲೆಯಾಡಿಸಿದ. ಮರಿಯಪ್ಪನವರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತ ಒಳಗೆ ಹೋದರು. ಸೇತುರಾಮ ಹೋಗಬೇಕೆಂದುಕೊಂಡರೂ ಗೋಡೆಯ ನೆರಳಿನಲ್ಲೇ ನಿಂತಿದ್ದ. ಒಳಗಿನಿಂದ ಲಿಂಗಮ್ಮನ ದನಿ ಬಂತು.

"ಹೊರಟೇಬಿಟ್ನಾ? ಊಟ ಮಾಡ್ಕೊಂಡು ಹೋಗು ಅನ್ನಬಾರ್ದಾಗಿತ್ತಾ?"

"ಅವನಿಗೆ ಬಸ್ಸಿಗೆ ಹೊತ್ತಾಗಿತ್ತು ಕಣೇ" ಎಂದರು ಮುದುಕರು. "ಮತ್ತೆ ಬರ್ತೀನಿ ಅಂತ ಹೇಳಿದಾನೆ."